ಬಲಬದಿಯ ಬಾಲ

ಎಲ್ಲ ಅನರ್ಥಕ್ಕೂ ಮೂಲ ಬರ್ತಾ ಬಾಯಿಯವರ ತಲೆನೋವು. ಈ ಕತೆಯನ್ನು ಕೆಮ್ಮಣ್ಣಿನಲ್ಲಿ ಒಂದು ಬಗೆಯಾಗಿ, ಕಾಪುವಿನಲ್ಲಿ ಇನ್ನೊಂದು ಬಗೆಯಾಗಿ, ಕಾರ್ಕಳದ ಬಸ್ಸಿನಲ್ಲಿ ಮೂರನೆಯ ಬಗೆಯಾಗಿ ಹೇಳುತ್ತಾರೆ. ತಲೆನೋವಿನ ವಿಷಯದಲ್ಲಿ ಮಾತ್ರ ಮೂರು ಪಾಠಗಳೂ ಒಂದೇ. ವಾರ್ನಿಷಿನ ವಾಸನೆ ಮೂಗಿಗೆ ಬಡಿದೊಡನೆ ಅವರು ಅಡುಗೆಮನೆಯಿಂದಲೇ ಗಂಡನನ್ನು ಕೇಳಿದರು:

"ನಿಮ್ಮ ವಿಮಾನ ಹೊರಗೆ ಹೋಗ್ತದಾ, ಇಲ್ಲ ನಾನು ಹೋಗಬೇಕಾ?"

ಇಂಥ ಪ್ರಶ್ನೆಗೆ ಉತ್ತರ ಒಂದೇ ಎಂಬುದನ್ನು ಮೂವತ್ತೆಂಟು ವರ್ಷಗಳ ದಾಂಪತ್ಯದಲ್ಲಿ ಕಲಿತಿದ್ದ ವ್ಯಾಲೆಂಟೈನರು ವಿಮಾನವನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು ಬಂದು ಜಗಲಿಯ ಕಟ್ಟೆಯ ಮೇಲೆ ಒಣಗಲು ಇಟ್ಟರು. ಆಗ ಬೆಳಗ್ಗೆ ಏಳು ಗಂಟೆ. ಹನ್ನೆರಡರೊಳಗೆ ಅದನ್ನು ಮಣಿಪಾಲದ ಸಭಾಂಗಣಕ್ಕೆ ಒಪ್ಪಿಸಬೇಕಿತ್ತು.

ವ್ಯಾಲೆಂಟೈನರು ಮೂವತ್ತಮೂರು ವರ್ಷ ಹಲ್ಲಿನ ಸೆಟ್ಟು ಮಾಡಿದವರು. ಮೇಲಿನ ಸಾಲು, ಕೆಳಗಿನ ಸಾಲು, ಎಡ, ಬಲ, ಕೂದಲೆಳೆಯ ವ್ಯತ್ಯಾಸವಿಲ್ಲದಂತೆ ಕೂಡಿಸುವುದೇ ಅವರ ಬದುಕಾಗಿತ್ತು. ಆ ಕಸುಬಿನಲ್ಲಿ ಒಂದು ದುಃಖವುಂಟು. ಒಳ್ಳೆಯ ಸೆಟ್ಟಿನ ಲಕ್ಷಣವೆಂದರೆ ಅದು ಸೆಟ್ಟೆಂದು ಯಾರಿಗೂ ತಿಳಿಯದಿರುವುದು. ಕೆಲಸ ಕೆಟ್ಟರೆ ಬೈಗುಳವಿದೆ, ಚೆನ್ನಾದರೆ ಮೌನವಿದೆ. ಜೀವಮಾನದ ದುಡಿಮೆಯೆಲ್ಲ ಪರರ ಬಾಯಿಯ ಕತ್ತಲೆಯಲ್ಲಿ ಕುಳಿತಿತ್ತು. ಮಣಿಪಾಲದ ಮಾದರಿ ತಯಾರಕರ ಸಂಘದವರು ವರ್ಷಕ್ಕೊಮ್ಮೆ ಸ್ಪರ್ಧೆ ನಡೆಸಿ, ಮೊದಲನೆಯದಾಗಿ ಬಂದ ಮಾದರಿಯನ್ನು ತಯಾರಕನ ಹೆಸರಿನ ಚೀಟಿಯೊಡನೆ ಗಾಜಿನ ಪೆಟ್ಟಿಗೆಯಲ್ಲಿ ಒಂದು ವರ್ಷ ಇಡುತ್ತಾರೆಂದು ತಿಳಿದ ದಿನದಿಂದ ಅವರಿಗೆ ಒಂದೇ ಆಸೆ: ತಮ್ಮ ಕೈಯ ಒಂದು ಕೆಲಸ ಬೆಳಕಿನಲ್ಲಿರಬೇಕು, ಅದರ ಕೆಳಗೆ ತಮ್ಮ ಹೆಸರಿರಬೇಕು.

ಅದಕ್ಕಾಗಿ ಅವರು ಆರಿಸಿಕೊಂಡದ್ದು ಎರಡನೆಯ ಮಹಾಯುದ್ಧದ ಒಂದು ಜರ್ಮನ್ ವಿಮಾನ, ಬ್ಲೋಮ್ ಉಂಡ್ ಫೋಸ್ ನೂರ ನಲವತ್ತೊಂದು. ಶತ್ರುವಿನ ನೆಲೆಗಳನ್ನು ಮೇಲಿನಿಂದ ನೋಡಿ ಬರಲೆಂದು ಕಟ್ಟಿದ ಈ ವಿಮಾನಕ್ಕೆ ಎಡಬಲವೆಂಬ ಮರ್ಯಾದೆಯೇ ಇರಲಿಲ್ಲ. ಇಂಜಿನ್ನೂ ಉದ್ದನೆಯ ಒಡಲೂ ಒಂದು ಕಡೆ. ಜನ ಕೂರುವ ಗಾಜಿನ ಗೂಡು ಅದರಿಂದ ಸಿಡಿದು ಬಲರೆಕ್ಕೆಯ ಮೇಲೆ. ಹಿಂದಕ್ಕೆ ಗುರಿಯಿಡುವವನಿಗೆ ಅಡ್ಡವಾಗದಿರಲೆಂದು ಬಾಲದ ಅಡ್ಡರೆಕ್ಕೆ ಎಡಕ್ಕೆ ಮಾತ್ರ. ಬಲಕ್ಕೆ ಇಲ್ಲವೆಂದೇ ಹೇಳಬೇಕು. ಆದರೂ ಅದು ಚೆನ್ನಾಗಿ ಹಾರಿತಂತೆ. ಎಡಬಲ ಸರಿದೂಗಿಸಿ ಸವೆದ ವ್ಯಾಲೆಂಟೈನರಿಗೆ ಅದರ ಚಿತ್ರ ಕಂಡಾಗ ಕಣ್ಣಲ್ಲಿ ನೀರು ಬಂದಿತ್ತು. ಹಲ್ಲಿನ ಅಕ್ರಿಲಿಕ್ಕಿನಿಂದ ಒಡಲು ಎರೆದು, ಹಲ್ಲು ಕೆದಕುವ ಸೂಜಿಯಿಂದ ಸಾವಿರಾರು ರಿವೆಟ್ಟುಗಳನ್ನು ಚುಚ್ಚಿ, ಮೇಲಕ್ಕೆ ಎರಡು ಬಗೆಯ ಕಡುಹಸಿರು, ಕೆಳಕ್ಕೆ ತಿಳಿನೀಲಿ ಬಳಿದು, ಹದಿನಾಲ್ಕು ತಿಂಗಳಲ್ಲಿ ಒಂದು ಮೊಳಕ್ಕಿಂತ ಚಿಕ್ಕದಾದ ಆ ಮಾದರಿಯನ್ನು ಮುಗಿಸಿದ್ದರು.

ಏಳೂವರೆಗೆ ಪಕ್ಕದ ಮನೆಯ ವಸಂತಿ ಟೀಚರ್ ಬಂದರು. ನಿವೃತ್ತರಾದರೂ ಅವರು ತಪ್ಪು ತಿದ್ದುವುದರಿಂದ ನಿವೃತ್ತರಾಗಿರಲಿಲ್ಲ. ಅವರ ಬಾಯಲ್ಲಿದ್ದದ್ದು ವ್ಯಾಲೆಂಟೈನರು ಮಾಡಿದ ಸೆಟ್ಟೇ. ಕ್ರೈಸ್ತ ಹಿರಿಯರನ್ನು ನಮ್ಮ ಕಡೆ ಕರೆಯುವಂತೆ ಓಣಿಯವರೆಲ್ಲ ವ್ಯಾಲೆಂಟೈನರನ್ನು ಪೊರ್ಬುಗಳೆಂದೇ ಕರೆಯುತ್ತಿದ್ದರು.

"ಪೊರ್ಬುಗಳೇ, ಇದರ ಇನ್ನೊಂದು ಬಾಲ ಎಲ್ಲಿ?"

"ಇದಕ್ಕೆ ಇರುವುದೇ ಒಂದು ಟೀಚರ್. ಅಸಲು ವಿಮಾನವೇ ಹಾಗೆ."

"ಹೌದಾ," ಎಂದರು ಟೀಚರ್, ಶಾಲೆಯಲ್ಲಿ 'ನಾಯಿ ಪುಸ್ತಕ ತಿಂದಿತು' ಎಂಬ ಮಾತನ್ನು ಕೇಳುತ್ತಿದ್ದ ದನಿಯಲ್ಲಿ. ವ್ಯಾಲೆಂಟೈನರು ಕ್ಷೌರಕ್ಕೂ ಸ್ನಾನಕ್ಕೂ ಒಳಗೆ ಹೋದರು. ಟೀಚರ್ ನೇರವಾಗಿ ಎದುರುಮನೆಯ ರಘುವೀರನ ಬಳಿಗೆ ಹೋದರು. ರಘುವೀರ ದೋಣಿಗಳ ಒಡಕನ್ನು ಫೈಬರ್ ಹಾಕಿ ಮುಚ್ಚುವವನು. ಅವನ ಹಲ್ಲುಗಳೂ ವ್ಯಾಲೆಂಟೈನರ ಕೃಪೆ.

"ರಘುವೀರಾ, ಪೊರ್ಬುಗಳಿಗೆ ಯಾವ ಕಣ್ಣಿನ ಆಪರೇಷನ್ ಆದದ್ದು?"

"ಬಲಗಣ್ಣು. ಪೊರೆ ತೆಗೆದು ಒಂದು ತಿಂಗಳಾಯ್ತು. ನಾನೇ ಅಲ್ವಾ ಕರಕೊಂಡು ಹೋದದ್ದು?"

"ವಿಮಾನದ ಯಾವ ಬದಿಯಲ್ಲಿ ಬಾಲ ಇಲ್ಲ? ಬಲಬದಿ. ಪಾಪ, ಪೊರೆ ಇದ್ದಾಗ ಮಾಡಿದ್ದು. ಆ ಬದಿ ಅವರಿಗೆ ಕಾಣಲೇ ಇಲ್ಲ. ಕೂರುವ ಗೂಡು ಸಹ ಓರೆಯಾಗಿ ಉಂಟು."

"ದೇವರೇ! ಹಾಗೆಯೇ ಮಣಿಪಾಲಕ್ಕೆ ಹೋದರೆ ಜನ ನಗುವುದಿಲ್ವಾ?"

"ಹೇಳಿದರೆ ಮನಸ್ಸಿಗೆ ನೋವಾಗ್ತದೆ. ಹೇಳದೆ ಸರಿ ಮಾಡುವ."

ಆ ಓಣಿಯಲ್ಲಿ ವ್ಯಾಲೆಂಟೈನರು ಯಾರಿಂದಲೂ ಸೆಟ್ಟಿನ ಕೂಲಿ ಪಡೆದವರಲ್ಲ. ಚಕ್ಕುಲಿ ಕಡಿದಾಗಲೆಲ್ಲ ಅವರನ್ನು ನೆನೆಯುತ್ತಿದ್ದ ಜನಕ್ಕೆ ಋಣ ಪೂರ್ತಿ ತೀರಿಸುವ ದಾರಿ ಕಂಡಿರಲಿಲ್ಲ. ಈಗ ಕಂಡಿತು.

ಸ್ನಾನ ಮುಗಿಸಿ ಹೊರಗೆ ಬಂದ ವ್ಯಾಲೆಂಟೈನರು ವಿಮಾನವನ್ನು ನೋಡಿದರು. ಎರಡು ಬಾಲಗಳು ಕಂಡವು. ಆಪರೇಷನ್ ಆದ ಕಣ್ಣು ಎರಡೆರಡಾಗಿ ತೋರಿಸುತ್ತಿದೆಯೆಂದು ಭಾವಿಸಿ, ಅದನ್ನು ಅಂಗೈಯಲ್ಲಿ ಮುಚ್ಚಿ ಇನ್ನೊಂದರಿಂದ ನೋಡಿದರು. ಬಾಲ ಅಲ್ಲೇ ಇತ್ತು. ಫೈಬರಿನದು, ದೋಣಿಗೆ ಬಳಿಯುವ ಗಿಳಿಹಸಿರು ಬಣ್ಣದ್ದು.

"ಹೇಗುಂಟು ಪೊರ್ಬುಗಳೇ?" ಗೇಟಿನ ಬಳಿ ನಿಂತಿದ್ದ ರಘುವೀರ ಇಪ್ಪತ್ತೆಂಟು ಹಲ್ಲುಗಳನ್ನೂ ತೋರಿಸಿ ನಕ್ಕ. "ಅದು ಸಮುದ್ರಕ್ಕೆ ಬಿದ್ದರೂ ಬಿಡುವುದಿಲ್ಲ."

ವ್ಯಾಲೆಂಟೈನರ ನಾಲಗೆಯ ತುದಿಗೆ ಬೈಗುಳ ಬಂದಿತ್ತು. ಆದರೆ ಇದೇ ರಘುವೀರ ಅವರನ್ನು ಆಸ್ಪತ್ರೆಗೆ ನಾಲ್ಕು ಬಾರಿ ತನ್ನ ಓಮ್ನಿಯಲ್ಲಿ ಕರೆದೊಯ್ದವನು. ಉಪಕಾರ ಮಾಡಿದವನನ್ನು ಬೈಯಬೇಕಾದರೆ ಮೊದಲು ಆ ಉಪಕಾರವನ್ನು ಹಿಂದಿರುಗಿಸಬೇಕು. ಕಣ್ಣಿನ ಪೊರೆಯನ್ನು ಪುನಃ ಹಾಕಿಕೊಡುವ ಆಸ್ಪತ್ರೆ ಎಲ್ಲಿಯೂ ಇಲ್ಲ. "ಉಪಕಾರ ಆಯ್ತು ರಘುವೀರಾ," ಎಂದು ಹೇಳಿ, ಒಳಗೆ ಹೋಗಿ, ಹಲ್ಲಿನ ಇಕ್ಕಳದಿಂದ ಬಾಲವನ್ನು ಕಿತ್ತು, ಉಜ್ಜಿ, ಬಣ್ಣ ತಿದ್ದುವಷ್ಟರಲ್ಲಿ ಒಂಬತ್ತೂವರೆಯಾಯಿತು.

ಕಿಟಕಿಯಿಂದ ಅದನ್ನು ಕಂಡ ರಘುವೀರ ಟೀಚರರ ಬಳಿಗೆ ಓಡಿದ. "ಟೀಚರ್, ಕಿತ್ತೇ ಬಿಟ್ಟರು! ಫೈಬರ್ ಅವರ ಇಕ್ಕಳಕ್ಕೆ ನಿಲ್ಲುವುದಿಲ್ಲ." ಅವನು ಕೂಡಲೇ ಕಾರ್ಕಳಕ್ಕೆ ಫೋನು ಮಾಡಿದ. ಅಲ್ಲಿ ಹೃಷೀಕೇಶ ಆಚಾರ್ರು, ಕಲ್ಲಿನಲ್ಲಿ ಮೂರ್ತಿ ಕೆತ್ತುವವರು. ಓಣಿಯ ಹೊರಗೆ ವ್ಯಾಲೆಂಟೈನರ ಸೆಟ್ಟು ಧರಿಸಿದವರಲ್ಲಿ ಅವರೇ ಪ್ರಮುಖರು.

"ಎಂತದು, ಒಂದೇ ಬದಿಯಾ?" ಎಂದು ಆಚಾರ್ರು ಫೋನಿನಲ್ಲಿಯೇ ಬೆವರಿದರು. "ಅಂಗಹೀನ ಮಾಡಿ ಇಡಬಾರದು ಮಾರಾಯ, ಮನೆಗೆ ಒಳ್ಳೆಯದಲ್ಲ. ಅಳತೆ ಹೇಳು."

ಹತ್ತೂವರೆಗೆ ಮೂವರನ್ನೂ ಹೊತ್ತು ರಘುವೀರನ ಓಮ್ನಿ ಹೊರಟಿತು. ತುಂಬಿದ ಗಂಜಿಯ ಬಟ್ಟಲು ಹಿಡಿದವರಂತೆ ವ್ಯಾಲೆಂಟೈನರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು ಕುಳಿತರು. ಅಕ್ಷರ ಚೆನ್ನಾಗಿದೆಯೆಂಬ ಕಾರಣಕ್ಕೆ ಪ್ರವೇಶಪತ್ರವನ್ನು ವಸಂತಿ ಟೀಚರ್ ತುಂಬಿಕೊಟ್ಟರು. ಅದರ ಹಿಂದೆ ಇನ್ನೊಂದು ಹಾಳೆಯನ್ನೂ ಪಿನ್ನು ಮಾಡಿದರು. ಮಣಿಪಾಲದ ಟೈಗರ್ ಸರ್ಕಲಿನಲ್ಲಿ, ಕಾರ್ಕಳದ ಬಸ್ಸಿನಿಂದ ಆಗಷ್ಟೇ ಇಳಿದ ಆಚಾರ್ರು ಬಟ್ಟೆಯ ಗಂಟೊಂದನ್ನು ಹಿಡಿದು ನಿಂತಿದ್ದರು.

"ನೀವೂ ಬಂದಿರಾ ಆಚಾರ್ರೇ!" ವ್ಯಾಲೆಂಟೈನರಿಗೆ ಹೃದಯ ತುಂಬಿ ಬಂತು. ತಮ್ಮ ಗೆಲುವು ನೋಡಲು ಇಷ್ಟು ದೂರದಿಂದ ಬಂದರಲ್ಲಾ!

"ಕಾಫಿ ಕುಡಿದು ಹೋಗುವ," ಎಂದರು ಟೀಚರ್.

"ನನಗೆ ಕಾಫಿ ಆಗುವುದಿಲ್ಲ, ಪಿತ್ತ. ಪೆಟ್ಟಿಗೆ ನಾನು ನೋಡಿಕೊಳ್ಳುತ್ತೇನೆ," ಎಂದರು ಆಚಾರ್ರು.

ಸಭಾಂಗಣದಲ್ಲಿ ಸಂಘದ ಕಾರ್ಯದರ್ಶಿ ರೀನಾ ಅವರ ಮುಂದೆ ಪೆಟ್ಟಿಗೆ ತೆರೆದಾಗ ಹನ್ನೆರಡಕ್ಕೆ ಹನ್ನೆರಡು ನಿಮಿಷವಿತ್ತು. ಮೇಜಿನ ಮೇಲೆ ಇಟ್ಟೊಡನೆ ವಿಮಾನ ಬಲಕ್ಕೆ ವಾಲಿ, ಎಡದ ಚಕ್ರವನ್ನು ಗಾಳಿಗೆತ್ತಿ, ಕಂಬ ಕಂಡ ನಾಯಿಯಂತೆ ನಿಂತಿತು. ಬಲಬದಿಯಲ್ಲಿ ಬಳಪದ ಕಲ್ಲಿನ ಬಾಲ! ಎಣ್ಣೆ ಹಚ್ಚಿ ಕರಿಯದಾಗಿ ಮಿರುಗುತ್ತಿತ್ತು. ಅಂಚಿನಲ್ಲಿ ಸಣ್ಣ ಬಳ್ಳಿಯೊಂದನ್ನೂ ಕೆತ್ತಲಾಗಿತ್ತು. ಆಚಾರ್ರು ಮುಖ ಬೇರೆಡೆಗೆ ತಿರುಗಿಸಿ ಸಭಾಂಗಣದ ಛಾವಣಿಯ ಅಳತೆ ನೋಡುತ್ತಿದ್ದರು.

ಬೆಳಗಿನ ಅನುಭವದಿಂದಾಗಿ ಇಕ್ಕಳ ವ್ಯಾಲೆಂಟೈನರ ಕಿಸೆಯಲ್ಲಿಯೇ ಇತ್ತು. ಅಂಟು ಪೂರ್ತಿ ಹಿಡಿದಿರಲಿಲ್ಲ. ಅವರು ಆ ದಿನದ ಎರಡನೆಯ ಬಾಲವನ್ನು ಕಿತ್ತರು. ಕಾಪುವಿನ ಪಾಠದಲ್ಲಿ ಇಲ್ಲಿ ಮೂರನೆಯ ಬಾಲವೂ ಬರುತ್ತದೆ. ಅದಕ್ಕೆ ಪ್ರತ್ಯಕ್ಷ ಸಾಕ್ಷಿಗಳು ದೊರೆಯದ ಕಾರಣ ಕೈಬಿಡಲಾಗಿದೆ.

ಹನ್ನೆರಡಕ್ಕೆ ಎರಡು ನಿಮಿಷವಿರುವಾಗ ವಿಮಾನ ತನ್ನ ಎರಡೂ ಚಕ್ರಗಳ ಮೇಲೆ ನಿಂತಿತು.

ತೀರ್ಪುಗಾರರು ವಾಯುಸೇನೆಯಿಂದ ನಿವೃತ್ತರಾದ ಕಾಪುವಿನ ಕಾರ್ಲ್. ಸಾಲುಸಾಲು ವಿಮಾನಗಳನ್ನು ಆಕಳಿಸುತ್ತ ದಾಟಿ ಬಂದವರು ಇದರ ಮುಂದೆ ನಿಂತುಬಿಟ್ಟರು. ಭೂತಗನ್ನಡಿ ಹಿಡಿದು ಬಾಗಿದರು. ಬಹಳ ಹೊತ್ತಿನ ಮೇಲೆ ಕೇಳಿದರು:

"ಇದನ್ನು ಮಾಡಿದವರು ಯಾರು?"

"ನಾನು," ಎಂದರು ವ್ಯಾಲೆಂಟೈನ್. ಮೂವತ್ತಮೂರು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಐವತ್ತು ವರ್ಷದಿಂದ ಇದನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದು ನಾನು. ಗೂಡು ಬಲಕ್ಕೆ, ಬಾಲ ಎಡಕ್ಕೆ. ಸರಿಯಾಗಿ ಉಂಟು!" ಕಾರ್ಲ್ ಪ್ರವೇಶಪತ್ರದ ಹಿಂದಿನ ಹಾಳೆಯನ್ನು ಬಿಡಿಸಿದರು. "ಆದರೆ ಇದೆಂತದು? 'ಮಾನ್ಯರೇ, ಸದರಿ ಸ್ಪರ್ಧಿಯ ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾಗಿರುವುದರಿಂದ ವಿಮಾನದ ಬಲಭಾಗದ ಗೈರುಹಾಜರಿಯನ್ನು ದಯವಿಟ್ಟು ಮನ್ನಿಸಬೇಕಾಗಿ ವಿನಂತಿ.'" ಅವರು ಗಹಗಹಿಸಿ ನಕ್ಕರು. "ಈ ವಿಮಾನಕ್ಕೆ ರಜೆ ಅರ್ಜಿ ಬೇಡ ಮಾರಾಯ್ರೆ. ಗಾಜಿನ ಪೆಟ್ಟಿಗೆ ಒರೆಸಿ ಇಡಲು ಹೇಳುತ್ತೇನೆ."

ಮೂರು ಗಂಟೆಗೆ ಫಲಿತಾಂಶ. ಪ್ರಥಮ ಬಹುಮಾನ, ಕೆಮ್ಮಣ್ಣಿನ ವ್ಯಾಲೆಂಟೈನ್! ಹಿಂದಿನ ಸಾಲಿನಿಂದ ಮೂರು ಜೊತೆ ಕೈಗಳ ಚಪ್ಪಾಳೆ ಇಡೀ ಸಭೆಯದಕ್ಕಿಂತ ಜೋರಾಗಿ ಕೇಳಿಸಿತು. ರೀನಾ ಅವರು ಮೈಕನ್ನು ಕೈಗಿತ್ತು, "ಎರಡು ಮಾತು," ಎಂದರು.

ನಮ್ಮ ಕರಾವಳಿಯಲ್ಲಿ ಮೈಕು ಸಿಕ್ಕವನು ತನ್ನನ್ನು ಹೊಗಳಿಕೊಳ್ಳುವುದಿಲ್ಲ, ವಂದನೆ ಸಲ್ಲಿಸುತ್ತಾನೆ. ವಂದನಾರ್ಪಣೆಯಿಲ್ಲದೆ ಇಲ್ಲಿ ಬಾವಿಗೆ ರಾಟೆ ಹಾಕುವ ಸಮಾರಂಭವೂ ಮುಗಿಯದು. ವ್ಯಾಲೆಂಟೈನರು ಮೈಕನ್ನು ಬಾಯಿಯ ಹತ್ತಿರ ಹಿಡಿದರು. ಹೊರಬಂದದ್ದು ವಾಡಿಕೆಯ ಮಾತು.

"ಈ ವಿಮಾನ ನನ್ನೊಬ್ಬನದಲ್ಲ. ಇದರ ಹಿಂದೆ ರಘುವೀರನ, ವಸಂತಿ ಟೀಚರರ, ಆಚಾರ್ರ ಶ್ರಮ ಉಂಟು..."

"ಮೊದಲ ಬಾಲ ನಾನು ಹಾಕಿದ್ದು!" ರಘುವೀರ ಎದ್ದು ನಿಂತ.

"ಕಲ್ಲಿನದ್ದು ನನ್ನದು! ಐವತ್ತು ನಿಮಿಷದಲ್ಲಿ ಕೆತ್ತಿದ್ದು!" ಎಂದರು ಆಚಾರ್ರು.

"ಬರವಣಿಗೆ ಕೆಲಸ ಎಲ್ಲ ನಾನು," ಎಂದರು ಟೀಚರ್.

ರೀನಾ ಅವರ ಮುಖ ಗಂಭೀರವಾಯಿತು. ಅವರು ನಿಯಮಾವಳಿಯ ಪುಸ್ತಕ ತೆರೆದರು. "ಸರ್, ನಿಯಮ ನಾಲ್ಕು. ಮಾದರಿ ಒಬ್ಬರೇ ಮಾಡಿದ್ದಾಗಿರಬೇಕು. ಬೇರೆಯವರು ಕೈ ಹಾಕಿದ್ದರೆ ಅದು ತಂಡದ ವಿಭಾಗಕ್ಕೆ ಹೋಗ್ತದೆ."

"ಆ ಬಾಲಗಳು ಈಗ ಎಲ್ಲಿ ಉಂಟು?" ಎಂದು ಕಾರ್ಲ್ ವಾದಿಸಿದರು. "ವ್ಯಾಲೆಂಟೈನರೇ, ಇವರದ್ದು ಎಂತದೂ ಇಲ್ಲ ಎಂದು ಒಂದು ಮಾತು ಹೇಳಿ. ಸಾಕು."

ವ್ಯಾಲೆಂಟೈನರು ಹಿಂದಿನ ಸಾಲನ್ನು ನೋಡಿದರು. ನಾಲ್ಕು ಬಾರಿ ಆಸ್ಪತ್ರೆಗೆ ಗಾಡಿ ಓಡಿಸಿದ ರಘುವೀರ. ಬರ್ತಾಳ ಕೈ ನಡುಗುತ್ತದೆಂದು ದಿನಕ್ಕೆ ನಾಲ್ಕು ಹೊತ್ತು ಬಂದು ಕಣ್ಣಿಗೆ ಮದ್ದು ಬಿಟ್ಟ ಟೀಚರ್. ವ್ಯಾಲೆಂಟೈನರ ತಾಯಿಯ ಸಮಾಧಿಗೆ ಕಲ್ಲು ಕೆತ್ತಿ, ಹಣದ ಮಾತೆತ್ತಿದಾಗ ಬಾಯಿ ತೆರೆದು ಹಲ್ಲು ತೋರಿಸಿ "ಇದು ಸಾಲದಾ?" ಎಂದಿದ್ದ ಆಚಾರ್ರು. ಮೂವರೂ, ತಾವು ಎಲ್ಲಿಯಾದರೂ ತಪ್ಪು ಮಾಡಿದೆವೋ ಎಂಬ ಮುಖದಲ್ಲಿ ಅವರನ್ನೇ ನೋಡುತ್ತಿದ್ದರು.

ಹಿಂಬದಿಯಲ್ಲಿ ಗಾಜಿನ ಪೆಟ್ಟಿಗೆ ಫಳಫಳ ಹೊಳೆಯುತ್ತಿತ್ತು. ಚೀಟಿಯ ಮೇಲೆ ಹೆಸರನ್ನೂ ಬರೆದಾಗಿತ್ತು.

"ಇವರೆಲ್ಲ ಮಾಡಿದ್ದಾರೆ," ಎಂದರು ವ್ಯಾಲೆಂಟೈನ್. "ಇವರಿಲ್ಲದಿದ್ದರೆ ನನ್ನ ಕಣ್ಣೇ ಇರುತ್ತಿರಲಿಲ್ಲ."

ಗಾಜಿನ ಪೆಟ್ಟಿಗೆಯೊಳಗೆ ಬೇರೊಬ್ಬರ, ಎಡಬಲ ಸರಿಯಿದ್ದ ಯುದ್ಧವಿಮಾನ ಹೋಗಿ ಕುಳಿತಿತು. ತಂಡದ ವಿಭಾಗದಲ್ಲಿ ಬೇರೆ ತಂಡವೇ ಇರಲಿಲ್ಲವಾದ್ದರಿಂದ ಪ್ರಥಮ ಬಹುಮಾನ ಕೆಮ್ಮಣ್ಣಿನವರಿಗೇ ಬಂತು. ತಂಡದ ಬಹುಮಾನವೆಂದರೆ ಒಂದು ಫೋಟೋ. ಅದಕ್ಕೆ ಕಟ್ಟು ಹಾಕಿಸಿ, ಬಾಗಿಲ ಬಳಿ ವರ್ಷವಿಡೀ ತೂಗುಹಾಕುವ ಪದ್ಧತಿ. ನಾಲ್ವರೂ ಸಾಲಾಗಿ ನಿಂತರು. ವಿಮಾನ ಹಿಡಿದ ವ್ಯಾಲೆಂಟೈನರು ಬಲತುದಿಯಲ್ಲಿ.

ಐದು ಗಂಟೆಗೆ ಫೋಟೋ ಗೋಡೆಗೇರಿತು. ಸಂಘದ ಬಳಿಯಿದ್ದ ಕಟ್ಟು ಚಿಕ್ಕದಾದ್ದರಿಂದ ಫೋಟೋವನ್ನು ಒಂದು ಬದಿಯಲ್ಲಿ ಕತ್ತರಿಸಿದ್ದರು. ರಘುವೀರ ಇದ್ದ, ಟೀಚರ್ ಇದ್ದರು, ಆಚಾರ್ರು ಇದ್ದರು. ಅಲ್ಲಿಂದಾಚೆಗೆ ಒಂದು ರೆಕ್ಕೆಯ ತುದಿ, ಅದನ್ನು ಹಿಡಿದ ಎರಡು ಬೆರಳು. ಬಲಬದಿ ಇರಲಿಲ್ಲ. ಅದನ್ನು ಸರಿಮಾಡಬೇಕೆಂದು ಯಾರಿಗೂ ತೋಚಲಿಲ್ಲ.

ಮೂವರು ಓಮ್ನಿಯ ಬಳಿ ಕಾಯುತ್ತಿದ್ದಾಗ ವ್ಯಾಲೆಂಟೈನರು ಇನ್ನೊಮ್ಮೆ ನೋಡಿಹೋಗೋಣವೆಂದು ಹಿಂದಿರುಗಿದರು. ಗಾಜಿನ ಪೆಟ್ಟಿಗೆಯ ಬಳಿ ಒಬ್ಬರೂ ಇರಲಿಲ್ಲ. ಫೋಟೋದ ಮುಂದೆ ಮಾತ್ರ ನಡುವಯಸ್ಸಿನ ದಂಪತಿಗಳಿಬ್ಬರು ನಿಂತುಬಿಟ್ಟಿದ್ದರು.

"ನೋಡಿ ಇವರೇ, ಎಂಥ ಹಲ್ಲು!" ಎನ್ನುತ್ತಿದ್ದಳು ಹೆಂಡತಿ. "ಒಬ್ಬರದ್ದಲ್ಲ, ಮೂವರದ್ದೂ! ಮಲ್ಲಿಗೆ ಜೋಡಿಸಿದ ಹಾಗೆ."

"ಎಡಬಲ ಎಷ್ಟು ಸಮ ಉಂಟು!" ಗಂಡ ಕನ್ನಡಕ ಸರಿಸಿ ಬಾಗಿದ. "ನಮ್ಮ ಡಾಕ್ಟ್ರು ಎಷ್ಟು ಹೇಳಿದರೂ ಕಟ್ಟಿಸಿಕೊಂಡ ಹಲ್ಲು ಹೀಗೆ ಬರಲಿಕ್ಕಿಲ್ಲ."

ವ್ಯಾಲೆಂಟೈನರು ಅಲ್ಲೇ ಲೆಕ್ಕ ಹಾಕಿದರು. ಎಂಬತ್ತನಾಲ್ಕು ಹಲ್ಲುಗಳು, ಬೆಳಕಿನಲ್ಲಿ, ಗಾಜಿನ ಹಿಂದೆ, ಇನ್ನೊಂದು ವರ್ಷ! ಅವರು ಎರಡು ಹೆಜ್ಜೆ ಮುಂದಿಟ್ಟು, ಗಂಟಲು ಸರಿಪಡಿಸಿಕೊಂಡು, "ಅದು..." ಎಂದರು.

ಅಷ್ಟರಲ್ಲಿ ಹೆಂಡತಿ ನಿಟ್ಟುಸಿರು ಬಿಟ್ಟು ಕೈ ಮುಗಿದಳು. "ಇದೆಲ್ಲ ಮನುಷ್ಯರ ಕೆಲಸ ಅಲ್ಲ. ದೇವರೇ ಕೂತು ಮಾಡಿದ್ದು."

ದೇವರು ಮಾಡಿದ್ದೆಂದ ಮೇಲೆ ಅಲ್ಲಗಳೆಯುವುದು ಹೇಗೆ? ಅವರು ವಿಮಾನದ ಪೆಟ್ಟಿಗೆಯನ್ನು ಎದೆಗವಚಿಕೊಂಡು, ಆ ಹೆಂಗಸಿಗೆ ಮನಸ್ಸಿನಲ್ಲಿಯೇ ವಂದನೆ ಸಲ್ಲಿಸಿ, ಓಮ್ನಿಯತ್ತ ನಡೆದರು.