ಜೀನವ್ವನ ಜೀನ

ಈ ಯುಗಾದಿ ಪಾಡ್ಯದ ದಿನ ಬೇವು ಬೆಲ್ಲ ಬಾಯಾಗ ಹಾಕ್ಕೊಂಡು ನಾ ಒಂದು ಪಣಾ ತೊಟ್ಟೆ. ಇನ್ನ ಮುಂದ ಈ ಅಬ್ಬಿಗೇರಿ ಗಾಳೆವ್ವ ಕುದುರಿ ಬೆನ್ನಿಗೆ ಗೋಣಿ ಹಾಕಿ ಕುಂಡ್ರೂದಿಲ್ಲ. ಕುಂತರ ಜೀನದ ಮ್ಯಾಲ, ಅದೂ ಸರದಾರರು ಕುಂಡ್ರೂವಂಥಾ ಜೀನದ ಮ್ಯಾಲ! ಬೆಲ್ಲ ಲಗೂನ ಕರಗಿತು, ಬೇವು ನಾಲಿಗಿ ಮ್ಯಾಲ ಉಳೀತು. ಅವತ್ತ ನಾ ತಿಳಕೋಬೇಕಾಗಿತ್ತು.

ನಾನು ಸೂಲಗಿತ್ತಿ. ನಮ್ಮವರು ತೀರಿಕೊಂಡಾಗ ನನಗ ಬಿಟ್ಟು ಹೋದದ್ದು ಒಂದು ಎಮ್ಮಿ, ಒಂದು ಸಂದೂಕ, ಚೆಂದಿ ಅನ್ನೂ ಒಂದು ಹೆಣ್ಣು ಕುದುರಿ. ಕುದುರಿ ಅನ್ನೂದು ದೊಡ್ಡ ಮಾತು, ಅದು ಗಿಡ್ಡ ತಟ್ಟು. ಅದರ ಬೆನ್ನಿಗೆ ಗೋಣಿ ತಟ್ಟು ಮಡಚಿ ಹಾಕಿ, ರೋಣ ಇರಲಿ, ನರಗುಂದ ಇರಲಿ, ಎಲ್ಲಿ ಹೆರಿಗಿ ಬ್ಯಾನಿ ಎದ್ದರೂ ಹೊಂಟೆ. ತಟ್ಟಿನ ಮ್ಯಾಲ ತಟ್ಟು, ತಟ್ಟಿನ ಮ್ಯಾಲ ನಾನು. ಹದಿನಾಕು ವರ್ಷದಾಗ ಇನ್ನೂರಾ ಹದಿನೇಳು ಕೂಸು ಹಿಡದೇನಿ. ಅಕ್ಷರ ಕೂಡಿಸಿ ಕೂಡಿಸಿ ಓದೂವಷ್ಟ ಬರತಾವ. ಅದಕ್ಕ ನಡದಾಗ ಒಂದು ನೂಲಿನ ಹುರಿ ಕಟ್ಟಿಕೊಂಡೇನಿ, ಕೂಸಿಗೊಂದು ಗಂಟು.

ಹಡೆದ ಮನಿಯವರು ಸೀರಿ ಕೊಡತಾರ, ಕುಬಸದ ಖಣ ಕೊಡತಾರ. ಬಣ್ಣದ ಸೀರಿ ನಾ ಉಡೂ ಹಂಗಿಲ್ಲ. ಮಂದಿಗೆ ಕೊಡಾಕ ಮನಸು ಬರೂದಿಲ್ಲ. ಸಂದೂಕದಾಗಿಟ್ಟು, ಬೇವಿನ ಎಲಿ ಮುಚ್ಚಿ, ಕೀಲಿ ಹಾಕೂದು. ಹಿಂಗ ಕೈ ಬಿಗಿ ಹಿಡದವರಿಗೆ ನಮ್ಮ ಕಡೆ ಜೀನ ಅಂತಾರ. ಕುದುರಿ ಬೆನ್ನಿಗೆ ಬಿಗಿಯೂದಕ್ಕೂ ಜೀನ ಅಂತಾರ. ಈ ಎರಡು ಜೀನದ ನಡುವ ಸಿಕ್ಕು ನಾ ಅಪ್ಪಚ್ಚಿ ಆದೆ.

ನನ್ನ ಮಗಳು ಕಳಕವ್ವನ್ನ ಸೂಡಿ ಊರಿಗೆ ಕೊಟ್ಟೈತಿ. ಅಕಿ ಅತ್ತಿ ಗೌರವ್ವ, ಅಂದ್ರ ನನ್ನ ಬೀಗತಿ, ಬಾಯಿ ಅಂದ್ರ ಹೊಸಾ ಕುಡಗೋಲು. ಸಂಕ್ರಾಂತಿಗೆ ಹೋದಾಗ ಅಂಗಳದಾಗ ನಾಕು ಮಂದಿ ಹೆಂಗಸರ ಮುಂದ ಅಂದ್ಲು: "ಬಂದ್ಲು ನೋಡ್ರೇ ಜೀನವ್ವ. ಕುದುರಿಗೆ ಜೀನ ಇಲ್ಲ, ಮ್ಯಾಲ ಕುಂತಾಕಿನ ಜೀನ. ಸಂದೂಕದಾಗ ಹನ್ನೆರಡು ಸೀರಿ, ಕುಂಡಿ ಕೆಳಗ ಗೋಣಿ."

"ಹನ್ನೊಂದು," ಅಂತ ನಾ ತಿದ್ದಿದೆ.

ಎಲ್ಲಾರೂ ನಕ್ಕರು. ಲೆಕ್ಕ ಸರಿ ಹೇಳಿದ್ದಕ್ಕ ಯಾಕ ನಗತಾರಂತ ನನಗ ತಿಳೀಲಿಲ್ಲ.

ಕಳಕವ್ವ ಆಗ ಬಸರಿ. ಹೋದ ಸಲ ಕೂಸು ಕಾಲು ಮುಂದ ಮಾಡಿ ಬಂದಿತ್ತು. ಒಂದು ಹಗಲು ಪೂರ್ತಿ ತಾಯಿನ್ನೂ ಕೂಸಿನ್ನೂ ನಾ ಹಗ್ಗ ಹಿಡದಂಗ ಹಿಡಕೊಂಡಿದ್ದೆ. ಸಂಕ್ರಾಂತಿ ಮುಗಿಸಿ ನಾ ಹೊಂಡೂ ಮುಂದ ಕಳಕವ್ವ ನನ್ನ ಸೆರಗು ಹಿಡದು ಅಂದ್ಲು: "ಅವ್ವಾ, ನೀ ಬರೂತನಕ ನಾ ಹಡೆಯೂದಿಲ್ಲ ನೋಡು."

"ಅದೇನು ಸೀನೇನ, ಹುಚ್ಚಿ, ತಡಕೊಳ್ಳಾಕ? ಬರತೇನಿ ತಗೊ. ನಿಮ್ಮತ್ತಿ ಕಣ್ಣು ಕುಕ್ಕೂವಂಗ ಜೀನ ಹಾಕ್ಕೊಂಡ ಬರತೇನಿ."

ಗಜೇಂದ್ರಗಡದಾಗ ಗುಡ್ಡದ ಬುಡಕ್ಕ ಜೀನಗಾರ ಮದರಸಾಬನ ಮನಿ. ಯುಗಾದಿ ಮುಗಿದ ಮ್ಯಾಲ ಅಲ್ಲಿಗೆ ಹೋದೆ. ಜೀನ ಹೊಲಿಯೂದ್ರಾಗ ಭಾಳ ಚಲೋ ಕೈ. ಮಾರೂದ್ರಾಗ ಅದಕ್ಕೂ ಚಲೋ ಬಾಯಿ.

"ತಮ್ಮಾ, ಒಂದು ಜೀನ ಬೇಕು," ಅಂದೆ.

"ಬರೇ ಜೀನ ಒಯ್ದು ಏನ ಮಾಡತೀರವ್ವಾ? ಕಾಲಿಡಾಕ ರಿಕಾಬು ಬ್ಯಾಡಾ?"

"ಇರಲಿ."

"ಎದಿ ಪಟ್ಟಿ ಬೇಕು. ಇಲ್ಲಂದ್ರ ಜೀನ ಹಿಂದ ಸರೀತೈತಿ. ಬಾಲದ ಪಟ್ಟಿನೂ ಬೇಕು. ಇಲ್ಲಂದ್ರ ಮುಂದ ಸರೀತೈತಿ."

"ಎರಡೂ ಇಲ್ಲದಿದ್ದರ?"

"ಗೋಣಿ ಹಾಕಿದಂಗ ಆಕ್ಕೈತ್ರಿ."

ಆ ಮಾತು ನನಗ ನಾಟಿತು. ಎದಿ ಪಟ್ಟಿಗೆ ಗೆಜ್ಜಿ ಸಾಲು ಪೋಣಿಸಿದ. ಗೆಜ್ಜಿ ಯಾಕಂದೆ. "ದೊಡ್ಡವರು ಬರಾಕತ್ತಾರಂತ ಮುಂದಿನ ಊರಿಗೆ ಗೊತ್ತಾಗಬ್ಯಾಡೇನ್ರಿ?" ಅಂದ. ಜನ್ಮದಾಗ ನನಗ ಯಾರೂ ದೊಡ್ಡವರು ಅಂದಿದ್ದಿಲ್ಲ. ಗೆಜ್ಜಿನೂ ಇರಲಿ ಅಂದೆ.

ಅಷ್ಟರಾಗ ಅವನ ಹೆಂಡತಿ ಹಸನಬಿ ಪಡದೆ ಸರಿಸಿ ಬಂದು, ನನ್ನ ಮ್ಯಾಲಿಂದ ಕೆಳಗಿನ ತನಕ ನೋಡಿ, "ಹೊಸಾ ಚರ್ಮ ಭಾಳ ಬಿರುಸವ್ವಾ," ಅಂದ್ಲು. "ಮೂರು ದಿನ ಕುಂತರ ನಾಲ್ಕನೇ ದಿನ ನೆಲಕ್ಕೂ ಕುಂಡ್ರಾಕ ಬರಂಗಿಲ್ಲ. ಹತ್ತಿ ತುಂಬಿ ಒಂದು ಇಜಾರ ಹೊಲದು ಕೊಡತೇನಿ, ಸೀರಿ ಒಳಗ ಹಾಕ್ಕೋರಿ."

"ಮೆತ್ತಗ ಕುಂಡ್ರಾಕಂತನ ಅಲ್ಲೇನವಾ ಇಷ್ಟು ಕೊಟ್ಟು ಜೀನ ಒಯ್ಯೂದು?"

"ಜೀನ ನೋಡಾಕ ಛಂದ ಇರಲಿ ಅಂತ ಒಯ್ಯೂದ್ರಿ. ಮೆತ್ತಗ ಕುಂಡ್ರಾಕ ಇಜಾರ."

ಜೀನಕ್ಕ ಹನ್ನೊಂದೂ ಸೀರಿ ಹೋದವು. ಇಜಾರಕ್ಕ ಒಂಬತ್ತೂ ಖಣ ಹೋದವು. ಸಂದೂಕದಾಗ ಬೇವಿನ ಎಲಿ ಉಳದವು. ಮನಿಗೆ ಬಂದು ಆ ಸಿಟ್ಟಿನಾಗ ಹಳೇ ಗೋಣಿ ಒಯ್ದು ಎಮ್ಮಿ ಕೆಳಗ ಹಾಸಿದೆ. ಎಮ್ಮಿ ಅದರ ಮ್ಯಾಲ ಏನೇನು ಮಾಡಬೇಕೋ ಎಲ್ಲಾ ಮಾಡಿತು.

ಎಂಟು ದಿನಕ್ಕ, ಬೆಳ್ಳಂಬೆಳಿಗ್ಗೆ, ಕಳಕವ್ವನ ಮೈದುನ ಹನಮಪ್ಪ ಸೂಡಿಯಿಂದ ಓಡಿ ಬಂದ.

"ಅತ್ತಿ, ವೈನಿಗೆ ಬ್ಯಾನಿ ಸುರು ಆಗ್ಯಾವ. ನಡೀರಿ ಲಗೂ."

ಗೋಣಿ ಇದ್ದಾಗ ಹಿಂಗ ಕರದರ ಎಲಿ ಅಡಿಕಿ ಬಾಯಾಗ ಹಾಕ್ಕೊಳ್ಳೂದ್ರಾಗ ಊರ ಅಗಸಿ ಬಾಗಲಾ ದಾಟತಿದ್ದೆ. ಈಗ ಹಂಗಲ್ಲ. ಏಳು ಪಟ್ಟಿ, ಇಪ್ಪತ್ತೊಂದು ತೂತು. ಯಾವ ಪಟ್ಟಿಗೆ ಎಷ್ಟನೇ ತೂತು ಅಂತ ಮದರಸಾಬ ಹೇಳಿಕೊಟ್ಟಿದ್ದ. ಒಂದು ತಪ್ಪಿದರ ಬಿಚ್ಚಿ ಮತ್ತ ಮೊದಲಿಂದ ಹಾಕಾಕಿ ನಾನು. ಮೂರು ಸಲ ಬಿಚ್ಚಿದೆ. ಹೊಟ್ಟಿ ಪಟ್ಟಿ ಎಳದಾಗ ಚೆಂದಿ ಉಸಿರು ಬಿಗಿ ಹಿಡದು ಹೊಟ್ಟಿ ಉಬ್ಬಿಸಿತು. ಬ್ಯಾನಿ ತಿನ್ನೂವರಿಗೆ "ಉಸಿರು ಬಿಗಿ ಹಿಡಿ, ಹಿಡಿ" ಅಂತ ನಾ ಹೇಳೂದನ್ನ ಹದಿನಾಕು ವರ್ಷ ಬಾಗಲಾಗ ನಿಂತು ಕೇಳಿತ್ತು, ಕಲತಿರಬೇಕು.

"ಅತ್ತಿ, ಬ್ಯಾನಿ ನಿಮ್ಮ ಪಟ್ಟಿ ಸಲವಾಗಿ ನಿಂದರೂದಿಲ್ರಿ. ಗೋಣಿ ಹಾಕ್ರಿ."

"ಗೋಣಿ ಎಮ್ಮಿ ಕೆಳಗೈತಿ."

"ಹಂಗಾರ ಎಮ್ಮಿ ಮ್ಯಾಲರೆ ಕುಂತು ಬರ್ರಿ. ನಾ ಮುಂದ ಹೋಗತೇನಿ. ಅವ್ವಾರು ಗೆಜ್ಜಿ ಕಟ್ಟಿಕೊಂಡು ಬರಾಕತ್ತಾರಂತ ವೈನಿಗೆ ಹೇಳಿರತೇನಿ."

ಹೋದ. ಆ ಹತ್ತಿ ಇಜಾರದಾಗ ಕಾಲು ಮ್ಯಾಲ ಏಳವಲ್ಲವು. ಒರಳು ಕಲ್ಲಿನ ಮ್ಯಾಲ ನಿಂತು ಹ್ಯಾಂಗೋ ಹತ್ತಿದೆ. ಸೂಡಿ ಐದು ಹರದಾರಿ. ಹತ್ತಿದ ಮ್ಯಾಲ ಸುಳ್ಳು ಹೇಳಬಾರದು, ಭಾಳ ಛಂದ ಅನಿಸಿತು. ಘಲ್ ಘಲ್ ಅಂತ ನಾ ಹೊಂಟರ ಹೊಲದಾಗಿನ ಎತ್ತು ಸುದ್ದಾ ತಲಿ ಎತ್ತಿ ನೋಡತಿದ್ದವು.

ಎರಡು ಹರದಾರಿ ದಾಟಿ ಒಂದು ಸಣ್ಣ ಊರು ಬಂತು. ಕುಂಪಣಿ ಸರಕಾರದವರು ಊರೂರು ತಿರುಗಿ ಇನಾಮ ಹೊಲದ ಕಾಗದ ತೋರಸ್ರಿ, ಇಲ್ಲಂದ್ರ ಹೊಲ ಬಿಡ್ರಿ ಅಂತ ಕುಂಡ್ರತಿದ್ದ ದಿನ ಅವು. ನನ್ನ ಗೆಜ್ಜಿ ಕೇಳಿದ್ದ ತಡಾ, ಓಣಿಯೊಳಗಿನ ಬಾಗಲೆಲ್ಲಾ ದಡಾದಡಾ ಮುಚ್ಚಿದವು. ಊರು ಕಾಯೂ ವಾಲಿಕಾರ ದ್ಯಾಮಪ್ಪ ಓಡಿ ಬಂದು ಲಗಾಮು ಹಿಡಕೊಂಡ.

"ಇಳೀರಿ ತಾಯಿ. ಕಟ್ಟಿ ಮ್ಯಾಲ ಕುಂಡ್ರಿ, ಹಾಲು ತರತಾರ. ಗೌಡ್ರು ಕಾಗದ ಹುಡುಕಾಕತ್ತಾರ. ಸಾಹೇಬರು ಎಷ್ಟು ಹಿಂದ ಉಳದಾರ್ರಿ?"

"ಯಾವ ಸಾಹೇಬ? ನಾ ಸೂಲಗಿತ್ತಿ. ಬಿಡು, ಮಗಳು ಬ್ಯಾನಿ ತಿನ್ನಾಕತ್ಯಾಳ."

"ಸೂಲಗಿತ್ತಿಗೆ ಇಂಥಾ ಜೀನ ಎಲ್ಲಿಂದ ಬರಬೇಕ್ರಿ? ಬಡವರನ್ನ ಪರೀಕ್ಷಾ ಮಾಡಬ್ಯಾಡ್ರಿ."

ಇಳದು ನನ್ನ ಅರಿವಿ ಗಂಟು ಬಿಚ್ಚಿ ಔಡಲೆಣ್ಣಿ ತೋರಿಸಿದೆ, ಹೊಕ್ಕಳ ಕೊಯ್ಯೂ ಕುಡಗೋಲು ತೋರಿಸಿದೆ. ಕುಡಗೋಲು ನೋಡಿ ಇನ್ನಷ್ಟು ಅಂಜಿದ. ಕಡೀಕ ಒಬ್ಬಾಕಿ ಮುದುಕಿ ಬಾಗಲ ಸಂದ್ಯಾಗ ಇಣುಕಿ, "ಅಯ್ಯ ದ್ಯಾಮಾ, ಅದು ಗೋಣಿ ಗಾಳೆವ್ವೋ! ನಿನ್ನ ಮಗನ್ನ ಹಿಡದಾಕಿ. ಗೋಣಿ ಇಲ್ಲಲ್ಲಾ, ಗುರುತ ಹತ್ತಲಿಲ್ಲ," ಅಂದ್ಲು. ಅಷ್ಟೊತ್ತಿಗೆ ಹೊತ್ತು ನೆತ್ತಿಗೆ ಬಂದಿತ್ತು. ಕಟ್ಟಿ ಮ್ಯಾಲಿಂದ ಮತ್ತ ಹತ್ತಿಸಿದ. ಹಾಲು ಮಾತ್ರ ಒಳಗ ಒಯ್ದರು.

ಊರು ದಾಟಿ ನಾ ಚೆಂದಿಗೆ "ನಡಿ ನಮ್ಮವ್ವಾ, ಲಗೂ ನಡಿ" ಅಂದೆ. ಅದು ಮುಂಜಾನಿಯಿಂದ ಹಿಡದಿದ್ದ ಉಸಿರನ್ನ ಆಗ ಬಿಟ್ಟಿತು. ಹೊಟ್ಟಿ ಒಳಗ ಹೋತು, ಪಟ್ಟಿ ಸಡಿಲಾತು, ಜೀನ ತಿರುಗಿತು. ಏಳು ಪಟ್ಟಿ ಇದ್ದದ್ದಕ್ಕ ಜೀನ ಹಿಂದ ಸರೀಲಿಲ್ಲ, ಮುಂದ ಸರೀಲಿಲ್ಲ. ಜೀನದ ಜೋಡಿ ನನ್ನನ್ನೂ ಸೀದಾ ಕುದುರಿ ಹೊಟ್ಟಿ ಕೆಳಗ ಒಯ್ತು. ಚೆಂದಿ ಗಾಬರಿಯಾಗಿ ಜಿಗೀತು. ಕೊಂಡಿ ಮುರೀತು. ನಾ ಕರೀ ಮಣ್ಣಿನ ಎರಿ ಹೊಲದಾಗ ಬಿದ್ದೆ. ಇಜಾರ ಇದ್ದದ್ದಕ್ಕ ಎಲುವು ಉಳದವು. ಹಸನಬಿ ಖರೇ ಹೇಳಿದ್ಲು.

ಇನ್ನ ಹತ್ತೂದು ಹ್ಯಾಂಗ? ನಮ್ಮ ಎರಿ ಹೊಲದಾಗ ಹುಡುಕಿದರ ಹಲ್ಲಿಗೆ ಕಡ್ಡಿ ಸಿಕ್ಕೀತು, ಕಾಲಿಡಾಕ ಕಲ್ಲು ಸಿಗೂದಿಲ್ಲ. ಕೊಂಡಿ ಮುರದ ಜೀನ ಚೆಂದಿ ಮ್ಯಾಲ ಹೇರಿದರ ಮತ್ತ ಹೊಟ್ಟಿ ಕೆಳಗ ಜಾರತೈತಿ. ಅಲ್ಲೇ ಒಗದು ಓಡಬೇಕಾಗಿತ್ತು. ಮಗಳು ಅಲ್ಲಿ ಹಲ್ಲು ಕಚ್ಚಿ ಮಲಗಿರತಾಳ, ಕೂಸು ಮತ್ತ ಕಾಲು ಮುಂದ ಮಾಡಿದ್ದರ? ನಾಕು ಹೆಜ್ಜಿ ಓಡಿದೆ. ಹೊಳ್ಳಿ ನೋಡಿದೆ. ಹಾದ್ಯಾಗ ಹನ್ನೊಂದು ಸೀರಿ ಬಿದ್ದಂಗ ಕಂಡಿತು. ಹೊಳ್ಳಿ ಬಂದು ಜೀನ ತಲಿ ಮ್ಯಾಲ ಹೊತ್ತುಕೊಂಡು, ಚೆಂದಿ ಲಗಾಮು ಹಿಡದು ನಡದೆ. ಜೀನವ್ವ ಅಂತ ಬೀಗತಿ ಸುಳ್ಳು ಅಂದಿದ್ದಿಲ್ಲ.

ಸೂಡಿ ಮುಟ್ಟಿದಾಗ ಹೊತ್ತು ವಾಲಿತ್ತು. ಬಾಗಲಕ್ಕ ಬಂದ್ರ ಒಳಗ ಕೂಸು ಅಳತಿತ್ತು.

"ಕಳಕಿ?" ಅಂದೆ.

ಗೌರವ್ವ ಎಣ್ಣಿ ಕೈ ಒರಸಿಕೋತ ಹೊರಗ ಬಂದ್ಲು. "ಆರಾಮ ಅದಾಳ. ಹೆಣ್ಣು ಕೂಸು. ತಲಿ ಮುಂದ ಮಾಡಿ ಬಂತು, ಶಾಣ್ಯಾ ಐತಿ. ನಾನ ಹಿಡದೆ." ಆಮ್ಯಾಲ ನನ್ನ ತಲಿ ನೋಡಿದ್ಲು. "ಕುದುರಿ ಯಾರು ಬೀಗತಿ, ನೀನೋ ಅದೋ?"

ನಾ ಜೀನ ಕೆಳಗ ಇಳಿಸಿದೆ.

"ಅವ್ವ ಬರೂತನಕ ಹಡೆಯೂದಿಲ್ಲಂತ ತಡಕೊಂಡ ಕುಂತಿದ್ಲು ನಿನ್ನ ಮಗಳು. ನಮಗೆಲ್ಲಾ ಜೀವ ಹಾರಿತ್ತು. ಆಗ ಗೆಜ್ಜಿ ಸಪ್ಪಳ ಆತು ನೋಡು. 'ಅವ್ವ ಬಂದ್ಲು' ಅಂತ ಒಂದ ಸಲ ಮುಕ್ಕಿದ್ಲು, ಕೂಸು ಹೊರಗ."

ನನ್ನ ಎದಿ ಉಬ್ಬಿತು. "ಕೇಳಿದೇನ, ಅಷ್ಟು ದೂರದಿಂದ ಕೇಳೇತಿ! ನನ್ನ ಹನ್ನೊಂದು ಸೀರಿ ಸುಮ್ನ ಹೋಗಲಿಲ್ಲ."

"ಎಲ್ಲಿದು ನಿನ್ನ ಗೆಜ್ಜಿ? ಗೆಜ್ಜಿ ಕಟ್ಟಿಕೊಂಡು ಬರತೀ ಅಂತ ಹನಮಪ್ಪ ಹೇಳಿದ್ದ. ನೀ ಬರೂ ಲಕ್ಷಣ ಕಾಣಲಿಲ್ಲ. ನಾನ ಹಿತ್ತಲಕ್ಕ ಹೋಗಿ ನಮ್ಮ ಎಮ್ಮಿ ಕೊಳ್ಳಾಗಿನ ಗಂಟಿ ಅಲುಗಾಡಿಸಿದೆ."

ನಡದಾಗಿನ ಹುರಿ ಬಿಚ್ಚಿ ಅಕಿ ಕೈಯಾಗ ಕೊಟ್ಟೆ. ಈ ಗಂಟು ನನ್ನದಲ್ಲ, ನೀನ ಹಾಕು ಅಂದೆ. ಹಾಕಿದ್ಲು. ಹಾಕಿ, ನನ್ನ ಇಜಾರ ಬಿಚ್ಚಿಸಿ, ಅದರ ಹತ್ತಿ ತಗದು ಕೂಸಿಗೆ ಹಾಸಿಗಿ ಮಾಡಿದ್ಲು. "ಇದೊಂದು ಉಪಯೋಗಕ್ಕ ಬಂತು," ಅಂದ್ಲು.

ಹದಿಮೂರನೇ ದಿನ ತೊಟ್ಟಿಲದಾಗ ಹಾಕಿದರು. ಬೀಗತಿಗೆ ನಾ ಒಂದು ಸೀರಿ, ಬಂದ ಹೆಂಗಸರಿಗೆ ಒಂದೊಂದು ಖಣ ಕೊಡಬೇಕು. ಏನು ಕೊಡಲಿ, ಬೇವಿನ ಎಲಿ? ಬರಿಗೈಲೆ ನಿಂತಿದ್ದೆ. ಗೌರವ್ವ ಮಂದಿಗೆಲ್ಲಾ ಕೇಳೂವಂಗ ಅಂದ್ಲು: "ಸಿಟ್ಟಾಗಬ್ಯಾಡ್ರೇ. ನಮ್ಮ ಬೀಗತಿ ಮೊದಲು ಇದ್ದು ಕೊಡತಿದ್ದಿಲ್ಲ. ಈಗ ಇಲ್ಲದ್ದಕ್ಕ ಕೊಡೂದಿಲ್ಲ." ಅಂದು ಒಂದು ಗೋಣಿ ತಂದು ನನ್ನ ಮುಂದ ಹಾಸಿದ್ಲು. "ಕುಂಡ್ರು ಜೀನವ್ವಾ."

ಕುಂತೆ. ಮೆತ್ತಗಿತ್ತು.

ಅಷ್ಟು ಕೊಟ್ಟು ಜೀನ ತಗೊಂಡದ್ದು ಲಾಭ ಆತೇನಂತ ಮಂದಿ ಈಗ ಕೇಳತಾರ. ನಾ ಇದ್ದದ್ದು ಇದ್ದಂಗ ಹೇಳತೇನಿ: ಐದು ಹರದಾರಿಯೊಳಗ ನಾ ಜೀನದ ಮ್ಯಾಲ ಕುಂತದ್ದು ಎರಡು, ಜೀನ ನನ್ನ ಮ್ಯಾಲ ಕುಂತದ್ದು ಮೂರು. ಇನ್ನ ಹೆಸರಿನ ಮಾತು. ಜೀನವ್ವ ಅನ್ನೂದು ಮೊದಲು ನನಗ ಬಿಟ್ಟಿ ಸಿಕ್ಕಿತ್ತು. ಈಗ ಹನ್ನೊಂದು ಸೀರಿ ಕೊಟ್ಟು ತಗೊಂಡೇನಿ.