ಎರಡು ಗೇಟಿನ ಲಾಡ್ಜು

ಕಾರು ಇಟ್ಟವರನ್ನು ಜನ ಕೇಳುವುದೆಲ್ಲ ಮುಂದಿನ ಮಾತು. ಮೈಲೇಜ್ ಎಷ್ಟು, ಎಲ್ಲಿಯವರೆಗೆ ಹೋಗಿದ್ದೀರಿ, ಎಷ್ಟು ಸ್ಪೀಡು ಹೊಡೆದಿದ್ದೀರಿ. ಹಿಂದಕ್ಕೆ ತೆಗೆಯಲು ಬರುತ್ತದೆಯೇ ಎಂದು ನನ್ನನ್ನು ಒಬ್ಬರೂ ಕೇಳಿರಲಿಲ್ಲ. ಕೇಳಿದ್ದರೆ ನಿಜ ಹೇಳಿಬಿಡುತ್ತಿದ್ದೆನೋ ಏನೋ. ನನಗೆ ಬರುತ್ತಿರಲಿಲ್ಲ. ರಿವರ್ಸ್ ಗೇರು ಹಾಕಿದ ಕೂಡಲೇ ಎಡಬಲ ಮರೆತುಹೋಗಿ, ಕನ್ನಡಿಯಲ್ಲಿ ಕಂಡದ್ದೆಲ್ಲ ಯಮನ ಕೋಣವಾಗುತ್ತಿತ್ತು.

ಕೋಲ್ಕತ್ತಾದ ಸೆಕ್ಟರ್ ಫೈವಿನಲ್ಲಿ ಕಂಪ್ಯೂಟರ್ ಕಂಪನಿಗಳು ನಾಯಿಕೊಡೆಗಳಂತೆ ಎದ್ದು, ಮೀಸೆ ಚಿಗುರದವರೆಲ್ಲ ಕಾರು ಕೊಳ್ಳುತ್ತಿದ್ದ ಕಾಲ ಅದು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ತಲೆ ನರೆಸಿಕೊಂಡ ನಾನೂ ಹುರುಪಿಗೆ ಬಿದ್ದು ಒಂದು ಪುಟ್ಟ ಕಾರು ತಂದೆ. ಜೋಕಾದ ಕಡೆಯ ಖಾಲಿ ರಸ್ತೆಗಳಲ್ಲಿ ಕಲಿಸಿದ ಗುರುಗಳು "ಸಾಮ್ನೇ ದೇಖುನ್ ದಾದಾ, ಸಾಮ್ನೇ" ಎಂದು ಮುಂದೆ ನೋಡುವುದನ್ನಷ್ಟೇ ಕಲಿಸಿದರು. ಹಿಂದಿನದನ್ನು ನಾಳೆ ನೋಡೋಣ ಎಂದರು; ಆ ನಾಳೆ ಬರಲೇ ಇಲ್ಲ. ಸದರ್ನ್ ಅವೆನ್ಯೂ ಹಿಂದಿನ ನಮ್ಮ ಗಲ್ಲಿಗೆ ಪುಣ್ಯಕ್ಕೆ ಎರಡು ಬಾಯಿ. ಒಂದರಲ್ಲಿ ನುಗ್ಗಿ ಇನ್ನೊಂದರಲ್ಲಿ ಹೊರಬೀಳುತ್ತಿದ್ದೆ. ಕಚೇರಿಯಲ್ಲಾದರೆ ಎಲ್ಲರ ಕಾರೂ ಹೊರಟು ಅಂಗಳ ಬರಿದಾಗುವವರೆಗೆ ಕಾದು, ಒಂದು ಸುತ್ತು ಹೊಡೆದು ಹೊರಡುತ್ತಿದ್ದೆ. ಅಷ್ಟು ಹೊತ್ತು ಕುರ್ಚಿ ಬಿಡದ ನನ್ನನ್ನು ಸಾಹೇಬರು ಮಹಾ ಶ್ರಮಜೀವಿ ಎಂದುಕೊಂಡು ಇನ್ನೊಂದು ವಿಭಾಗದ ಕೆಲಸವನ್ನೂ ಹೊರಿಸಿದರು.

ಹೀಗೆ ಒಮ್ಮುಖವಾಗಿ ಬದುಕು ಸಾಗುತ್ತಿದ್ದಾಗ ಮೈಸೂರಿನಿಂದ ಅತ್ತೆ ಬಂದರು. ನನ್ನ ಮಾವ ರೈಲ್ವೆಯಲ್ಲಿ ಗಾರ್ಡಾಗಿದ್ದವರು, ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಪಾಸಿನ ದೆಸೆಯಿಂದ ಅತ್ತೆ ಅರ್ಧ ದೇಶ ಸುತ್ತಿದ್ದರು. ಆದರೂ ಅವರಿಗೊಂದು ಕೊರಗು. "ನೋಡೋ ಅಂಥ ಕಡೆ ರೈಲು ನಿಲ್ಲೋದಿಲ್ಲ ಅಳಿಯಂದ್ರೇ, ನಿಲ್ಲೋ ಕಡೆ ನೋಡೋಕ್ಕೆ ಒಂದು ನಲ್ಲಿ ಬಿಟ್ರೆ ಏನೂ ಇರೋದಿಲ್ಲ. ಒಂದು ಸಲ, ಒಂದೇ ಸಲ, ನನಗೆ ಬೇಕಾದ ಕಡೆ ನಿಲ್ಲಿಸ್ಕೊಂಡು ನೋಡ್ಕೊಂಡು ಹೋಗಬೇಕು. ಪುರಿವರೆಗೂ ಹೋಗಿ ಜಗನ್ನಾಥನ ದರ್ಶನ ಮಾಡಿದ್ರೆ ಇನ್ನೇನೂ ಬೇಡ." ಅಮ್ಮನ ಮಾತು ಮುಗಿಯುವ ಮೊದಲೇ ನನ್ನ ಹೆಂಡತಿ ವಿಮಲಾ, "ಅದಕ್ಕೇನಮ್ಮ, ಇವರಿದಾರಲ್ಲ!" ಎಂದಳು. ಇವರು ಇದ್ದರು, ನಿಜ. ಆದರೆ ಎಂಥ ಗತಿಯಲ್ಲಿದ್ದರೆಂಬುದು ಇವರಿಗೇ ಗೊತ್ತಿತ್ತು. ಅತ್ತೆ ನನ್ನಲ್ಲಿ ಏನನ್ನೂ ಕೇಳಿದವರಲ್ಲ. ಕೇಳಿದ ಈ ಒಂದನ್ನೂ ನಡೆಸಿಕೊಡಲು ಆಗದಿದ್ದರೆ ಅವರೆದುರು ಹೇಗೆ ತಲೆಯೆತ್ತುವುದು ಎಂದು ಅನ್ನ ಸೇರದಾಯಿತು.

ಕೆಳಮನೆಯ ಘೋಷ್ ಬಾಬು ನಮ್ಮ ಪಾಡಾ ಕ್ಲಬ್ಬಿನ, ಅಂದರೆ ಕೇರಿಯ ಸಂಘದ, ಕಾರ್ಯದರ್ಶಿ. ಜನ್ಮದಲ್ಲಿ ಕಾರು ಇಟ್ಟವರಲ್ಲ. ಆದರೆ ರಸ್ತೆಗಳ ವಿಷಯದಲ್ಲಿ ಅವರ ಮುಂದೆ ಯಾರೂ ಬಾಯಿ ತೆರೆಯುವಂತಿಲ್ಲ. ಕಡಲತಡಿಯ ದೀಘಾದ ಮೇಲೆ ಹೋಗಿ, ಗಾಳಿಮರದ ತೋಪುಗಳು ಸ್ವರ್ಗ ಎಂದರು. ಸ್ವರ್ಗದ ದಾರಿ ಕಿರಿದು. ಎದುರಿಗೆ ಬಸ್ಸು ಬಂದರೆ ಯಾರೋ ಒಬ್ಬರು ಹಿಂದೆ ಸರಿಯಬೇಕು. ಬೇಡ. ಸಿಮ್ಲಿಪಾಲದ ಕಾಡಿನ ಮೇಲೆ ಹೋಗಿ ಎಂದರು. ಘಾಟಿ ರಸ್ತೆ ನೆನೆದೇ ಬೆವರಿದೆ. ಕೊನೆಗೆ ನಾನು ಆರಿಸಿದ್ದು ಹೊಸದಾಗಿ ಅಗಲ ಮಾಡಿದ ಹೆದ್ದಾರಿ. ಎರಡೂ ಕಡೆ ಗದ್ದೆ, ತಾಳೆಮರ, ನಡುವೆ ಸುವರ್ಣರೇಖಾ ನದಿ ಎಂದು ಬಣ್ಣಿಸಿದೆ. ನದಿಯ ಹೆಸರು ಕೇಳಿಯೇ ಅತ್ತೆ ಕೈಮುಗಿದರು. ರಾತ್ರಿ ತಂಗುವುದು ಚಾಂದಿಪುರದಲ್ಲಿ. ಅಲ್ಲಿ ಇಳಿತದ ಹೊತ್ತಿಗೆ ಸಮುದ್ರ ಮೈಲಿಗಟ್ಟಲೆ ಹಿಂದಕ್ಕೆ ಹೋಗುತ್ತದೆಯಂತೆ. ಸಮುದ್ರಕ್ಕೂ ಬರುವ ವಿದ್ಯೆ ನನಗೊಬ್ಬನಿಗೆ ಬರುವುದಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಆಮೇಲೆ ಲಾಡ್ಜುಗಳಿಗೆ ಫೋನ್ ಮಾಡತೊಡಗಿದೆ. ಅವರು ಏಸಿ ಬೇಕೇ, ಸಮುದ್ರ ಕಾಣುವ ರೂಮು ಬೇಕೇ ಎಂದು ಕೇಳಿದರೆ ನಾನು "ನಿಮ್ಮಲ್ಲಿ ಗೇಟು ಎಷ್ಟು?" ಎನ್ನುತ್ತಿದ್ದೆ. ಒಬ್ಬ ಮ್ಯಾನೇಜರು ನನ್ನನ್ನು ಕಳ್ಳನೆಂದುಕೊಂಡನೋ ಪೊಲೀಸನೆಂದುಕೊಂಡನೋ, ಫೋನ್ ಇಟ್ಟೇಬಿಟ್ಟ. "ಅಪ್ಪಾ, ಟೂ ಗೇಟ್ಸ್ ಯಾಕೆ?" ಎಂದು ಮಗಳು ಮಿನಿ ಕೇಳಿದಳು. ವಾಸ್ತು ಎಂದೆ. ದೇವರಿಗೆ ಕೈಮುಗಿಯಲೂ ಸೋಮಾರಿಯಾದ ಗಂಡನಿಗೆ ಇದ್ದಕ್ಕಿದ್ದಂತೆ ವಾಸ್ತು ಹಿಡಿದದ್ದು ಕಂಡು ವಿಮಲಾ ಹುಬ್ಬೇರಿಸಿದಳು. ಅಂತೂ ಎರಡು ಗೇಟಿನ ಒಂದು ಲಾಡ್ಜು ಸಿಕ್ಕಿತು. ಅದರವರೊಡನೆ ನಾನು ಫೋನಿನಲ್ಲಿದ್ದಾಗಲೇ ಘೋಷ್ ಬಾಬು ಬಂದು, ಸರಸ್ವತಿ ಪೂಜೆಗೆ ಈ ಸಲ ಗಲ್ಲಿಯಲ್ಲೇ ಪೆಂಡಾಲು ಹಾಕುತ್ತೇವೆ, ನಿಮಗೇನೂ ತೊಂದರೆಯಿಲ್ಲವಷ್ಟೇ ಎಂದು ಕೇಳಿದರು. ನನ್ನ ಗಮನವೆಲ್ಲ ಎರಡನೆಯ ಗೇಟಿನ ಮೇಲೆ. "ಕಿಛು ಅಸುಬಿಧೆ ನೇಯಿ ದಾದಾ," ಏನೂ ತೊಂದರೆಯಿಲ್ಲ ಎಂದು ಉದಾರವಾಗಿ ಕೈಯಾಡಿಸಿದೆ.

ಪೂಜೆಯ ದಿನ ಬೆಳಗ್ಗೆ ಪುಳಿಯೋಗರೆ, ಕೋಡುಬಳೆ ಡಬ್ಬಿಗಳೊಂದಿಗೆ ಕೆಳಗಿಳಿದು ನೋಡುತ್ತೇನೆ, ನಾನು ಹೊರಬೀಳುವ ಬಾಯಿಗೆ ಅಡ್ಡಲಾಗಿ ಬಿದಿರು, ಹಳದಿ ಬಟ್ಟೆ, ನಡುವೆ ವೀಣೆ ಹಿಡಿದ ಸರಸ್ವತಿ! ವಿದ್ಯಾದೇವತೆಯೇ ನನ್ನ ಕಾರಿನೆದುರು ಕೂತು, ಯಾವ ವಿದ್ಯೆ ಬಾರದಪ್ಪಾ ನಿನಗೆ ಎಂದು ಕೇಳುವಂತಿತ್ತು. ಘೋಷ್ ಬಾಬು ಶಾಲು ಹೊದ್ದು ನಗುತ್ತ, "ಹಿಂದಕ್ಕೆ ತೆಗೆದರಾಯಿತು ದಾದಾ, ಎಷ್ಟು ಹೊತ್ತಿನ ಕೆಲಸ!" ಎಂದರು. ಬಾಲ್ಕನಿಗಳಲ್ಲೆಲ್ಲ ಜನ. ಕಾರಿನಲ್ಲಿ ಕೂತು ಕೀಲಿ ತಿರುಗಿಸಿದೆ, ಆರಿಸಿದೆ, ಮತ್ತೆ ತಿರುಗಿಸಿದೆ. ಚಳಿಗಾಲದಲ್ಲೂ ಅಂಗಿ ಬೆನ್ನಿಗಂಟಿತು. ಪೂಜೆ ನೋಡಿಕೊಂಡು ಮಧ್ಯಾಹ್ನ ಹೊರಡೋಣವೇ, ಇಲ್ಲ ನಾಳೆ ಹೊರಟರೆ ವಾಸಿಯೇ ಎಂದು ತೊದಲಿದೆ. ವಿಮಲಾ ನನ್ನ ಮುಖವನ್ನೇ ನೋಡಿದಳು. ಹಿಂದಿನ ಸೀಟಿನಲ್ಲಿದ್ದ ಅತ್ತೆ ನನ್ನ ಕೈ ನೋಡಿದರು. ಅದು ರಿವರ್ಸ್ ಗೇರಿನತ್ತ ಹೋಗಿ ಮತ್ತೆ ಮತ್ತೆ ಕೀಲಿಗೇ ಮರಳುತ್ತಿತ್ತು.

ಅವರು ಬಾಗಿಲು ತೆಗೆದು ಇಳಿದು, ಕಾರಿನ ಹಿಂದೆ ದೂರ ಹೋಗಿ ಗೋಡೆಯ ಪಕ್ಕಕ್ಕೆ ನಿಂತರು. ಹೊದ್ದಿದ್ದ ಹಸಿರು ಶಾಲನ್ನು ಕೈಗೆ ತೆಗೆದುಕೊಂಡು ಎತ್ತಿ ಹಿಡಿದರು. "ನಿಮ್ಮ ಮಾವನವರು ಸರ್ವೀಸು ಪೂರ್ತಿ ಕೊನೇ ಡಬ್ಬೀಲಿ ಕೂತು ಹಿಂದಕ್ಕೇ ನೋಡ್ಕೊಂಡು ಊರೂರು ಮುಟ್ಟಿದ್ರು. ಏನಾಗತ್ತೆ? ನಾನಿದೀನಿ, ಬನ್ನಿ!" ಕನ್ನಡಿಯಲ್ಲಿ ಆ ಹಸಿರೊಂದೇ ಕಂಡಿತು. ಶಾಲು ಆಡಿದರೆ ಬಂದೆ, ನಿಂತರೆ ನಿಂತೆ. ಕಾರು ಗಲ್ಲಿಯ ಬಾಯಿ ದಾಟಿದಾಗ ಪಾಡಾದವರೆಲ್ಲ "ದುಗ್ಗಾ, ದುಗ್ಗಾ" ಎಂದು ದೇವಿಯ ಹೆಸರು ಹೇಳಿ ಕಳಿಸಿಕೊಟ್ಟರು. ದಾರಿಯುದ್ದಕ್ಕೂ ಅತ್ತೆ ಹೇಳಿದಲ್ಲೆಲ್ಲ ನಿಲ್ಲಿಸಿದೆ. ತಾವರೆಕೆರೆಗೊಮ್ಮೆ, ಸುವರ್ಣರೇಖೆಗೊಮ್ಮೆ, ಬರೀ ಒಂದು ಎಮ್ಮೆಗೊಮ್ಮೆ. ನಾನು ಮಾತ್ರ ಕಂಡದ್ದು ಲಾರಿಗಳ ಬೆನ್ನು.

ಮರುದಿನ ಬೆಳಗ್ಗೆ ಚಾಂದಿಪುರದ ಲಾಡ್ಜಿನಲ್ಲಿ, ಅಷ್ಟು ಫೋನ್ ಮಾಡಿ ಗಳಿಸಿದ್ದ ಎರಡನೆಯ ಗೇಟು ನನ್ನ ಕಾರಿನೆದುರಿಗೇ ವಿಶಾಲವಾಗಿ ತೆರೆದುಕೊಂಡಿತ್ತು. ನಿಟ್ಟುಸಿರು ಬಿಟ್ಟು ಕೀಲಿ ತಿರುಗಿಸಿದೆ. ಕನ್ನಡಿಯಲ್ಲಿ ನೋಡಿದರೆ ಅತ್ತೆ ಆಗಲೇ ಮಿಂದು, ಕುಂಡಗಳ ಸಾಲಿನ ಪಕ್ಕ ಹಸಿರು ಶಾಲು ಎತ್ತಿ ಹಿಡಿದು, ಡ್ಯೂಟಿಯ ಮೇಲೆ ನಿಂತಿದ್ದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ಮಾವ ಹೋದಮೇಲೆ ನಾನು ನೋಡಿರಲಿಲ್ಲ. "ಮುಂದೆ ಗೇಟು ತೆಗೆದಿದೆಯಲ್ಲ ರೀ," ಎಂದಳು ವಿಮಲಾ. ಕಾಣಿಸಲಿಲ್ಲ ಎಂದು ಹೇಳಿ ರಿವರ್ಸ್ ಗೇರು ಹಾಕಿದೆ. ಹೂಕುಂಡ ಒಡೆದದ್ದು ಒಂದೇ ಒಂದು.