ಗರಗರ ನಿಂತ ಮೇಲೆ

ಇನ್ನು ಮುಂದೆ ಈ ಮನೆಯಲ್ಲಿ ತಿರುಗುವ ಹಕ್ಕು ಫ್ಯಾನಿಗೆ ಮಾತ್ರ ಎಂದು ಊಟದ ಮೇಜಿನಿಂದಲೇ ರಾಜಾಜ್ಞೆ ಹೊರಡಿಸಿದೆ. ಮನೆಯಲ್ಲೇ ಕೂತು ಕಚೇರಿ ಕೆಲಸ ಮಾಡುವ ಪ್ರಾಣಿ ನಾನು. ನನ್ನ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಮುಪ್ಪು ಬಂದಿತ್ತು. ಒಂದು ಫೈಲ್ ತೆರೆ ಎಂದರೆ ಹಿಟ್ಟಿನ ಗಿರಣಿಯಂತೆ ಗರಗರ ಎನ್ನುತ್ತಿತ್ತು. ಅದನ್ನು ಕಿತ್ತು ಎಸ್ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕು ಹಾಕುವುದು ನನ್ನ ಘನ ಸಂಕಲ್ಪ.

"ಅದ್ರಲ್ಲೇನು ವಿಶೇಷ?" ಎಂದಳು ಹೆಂಡತಿ. ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುವವಳು. 'ಇದ್ರಲ್ಲಿ ಚೆನ್ನಾಗಿ ಕಾಣುತ್ತೋ, ಅದ್ರಲ್ಲೋ' ಎಂದು ಕೇಳುವುದೇ ಅವಳ ಉದ್ಯೋಗ.

"ಹಳೇದ್ರಲ್ಲಿ ತಟ್ಟೆ ತಿರುಗ್ಬೇಕು, ಮುಳ್ಳು ಹುಡುಕ್ಬೇಕು. ಇದ್ರಲ್ಲಿ ತಿರುಗೋ ಭಾಗವೇ ಇಲ್ಲ. ಸದ್ದೂ ಇಲ್ಲ."

"ಹಳೇ ಥರದ್ರಲ್ಲಿ ಜಾಗ ಜಾಸ್ತಿ ಸಿಗುತ್ತೆ ಅಂತಾರಲ್ಲ ರೀ?"

"ಜಾಗ ಇಟ್ಕೊಂಡು ಏನ್ಮಾಡ್ಲಿ? ನಂಗೆ ಬೇಕಿರೋದು ವೇಗ."

ವೇಗ ಸಿಕ್ಕಿತು. ಹೊಸದನ್ನು ಹಾಕಿದ ಮರುದಿನ, ಕಾಫಿ ಆರುವುದರೊಳಗೆ ಅರ್ಧ ದಿನದ ಕೆಲಸ ಮುಗಿದಿತ್ತು. ಎಂದಿನಂತೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದೆ. ಬಾಗಿಲು ತೆರೆಯಿತು. ಅಮ್ಮ.

"ಏನೋ, ಕೆಲಸ ಹೋಯ್ತಾ?"

"ಇಲ್ಲಮ್ಮ, ಯಾಕೆ?"

"ಸದ್ದೇ ಇಲ್ವಲ್ಲ. ಖಾಲಿ ಇದ್ರೆ ಬಾ, ಅಟ್ಟದ ಮೇಲಿನ ಪಾತ್ರೆ ಇಳಿಸ್ಕೊಡು."

ಆಗ ಜ್ಞಾನೋದಯವಾಯಿತು. ಇಷ್ಟು ದಿನ ಆ ಗರಗರ ನನ್ನ ಬಾಗಿಲ ಕಾವಲುಗಾರನಾಗಿತ್ತು. ಅದು ಕೇಳುತ್ತಿರುವಷ್ಟು ಹೊತ್ತು, ಮಗ ದುಡಿದು ಸವೆಯುತ್ತಿದ್ದಾನೆಂದು ಅಮ್ಮ ಇತ್ತ ತಲೆಯನ್ನೂ ಹಾಕುತ್ತಿರಲಿಲ್ಲ. ದುಡಿಯುತ್ತಿದ್ದದ್ದು ಡಿಸ್ಕು, ಗೊರಕೆ ನನ್ನದು. ಎರಡರ ಸದ್ದೂ ಒಂದರೊಳಗೊಂದು ಬೆರೆತುಹೋಗುತ್ತಿತ್ತು.

ಆ ವಾರ ಅಟ್ಟ ಮುಗಿಯಿತು, ಪರದೆಗಳು ಮುಗಿದವು, ಕಿಟಕಿಗಳು ಮುಗಿದವು, ಕೊನೆಗೆ ನನ್ನ ಸೊಂಟವೂ ಮುಗಿಯಿತು. ಕಂಪ್ಯೂಟರ್ ಮಾತ್ರ ಬೆವರದೆ ಮಿನುಗುತ್ತಿತ್ತು.

ಸೊಂಟ ಹಿಡಿದುಕೊಂಡೇ ಹಳೆಯ ಡಿಸ್ಕನ್ನು ಡ್ರಾಯರಿನಿಂದ ಎತ್ತಿ, ಗುಟ್ಟಾಗಿ ಹೊಸದರ ಪಕ್ಕದಲ್ಲೇ ಜೋಡಿಸಿದೆ. ನಮ್ಮ ಮದುವೆಯ ಫೋಟೋಗಳನ್ನೆಲ್ಲ ಅದರ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಕಾಪಿ ಮಾಡಲು ಬಿಟ್ಟೆ. ಗರಗರ! ಹೊರಗೆ ಸೊಸೆಗೆ ಹೇಳುತ್ತಿದ್ದ ಅಮ್ಮನ ದನಿ: "ಟೀವಿ ಸಣ್ಣ ಮಾಡಮ್ಮ, ಅವನಿಗೆ ತುಂಬಾ ಕೆಲಸ." ಕಣ್ಣು ತುಂಬಿ ಬಂತು. ತುಂಬಿದ ಕಣ್ಣು ಹಾಗೇ ಮುಚ್ಚಿಕೊಂಡಿತು.

ತೆರೆದಾಗ ಹೆಂಡತಿ ಎದುರಿಗಿದ್ದಳು. ಅವತ್ತು ಅವಳಿಗೆ ವಾರದ ರಜೆ. ಪರದೆಯ ಮೇಲೆ ನಮ್ಮ ಮದುವೆ ಇನ್ನೂ ಕಾಪಿಯಾಗುತ್ತಲೇ ಇತ್ತು.

"ರೀ, ಇದ್ರಲ್ಲಿ ತಿರುಗೋ ಭಾಗವೇ ಇಲ್ಲ ಅಂದಿದ್ರಲ್ವಾ?"

"ಹೂಂ."

"ಮತ್ತೆ ಏನು ತಿರುಗ್ತಿದೆ?"

ನಾನು ಫ್ಯಾನ್ ಕಡೆ ಬೆರಳು ತೋರಿಸಿದೆ. ಅದು ಆಫ್ ಆಗಿತ್ತು.

"ಅತ್ತೆ, ಸ್ವಲ್ಪ ಬನ್ನಿ ಇಲ್ಲಿ. ದುಡೀತಿರೋದು ಈ ಕಂಪ್ಯೂಟರ್ ಡಬ್ಬ. ಈ ರೂಮಲ್ಲಿ ಅಲ್ಲಾಡದೆ ಇರೋದು ಇವರೊಬ್ರೇ."

ತುದಿಗಾಲಲ್ಲಿ ಬಂದ ಅಮ್ಮ ಡಬ್ಬಕ್ಕೆ ಕಿವಿಗೊಟ್ಟು ಕೇಳಿದಳು. ಆಮೇಲೆ ನನ್ನ ಮುಖ ನೋಡಿದಳು. ರಟ್ಟೆ ಹಿಡಿದು ನನ್ನನ್ನು ಹೊರಗೆ ಕರೆತಂದು, ಕೈಗೆ ಪೊರಕೆ ಕೊಟ್ಟಳು. ತಿರುಗಿ ಹೋಗಿ ರೂಮಿನ ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು.

"ಮೆಲ್ಲಗೆ ಗುಡಿಸೋ," ಎಂದಳು. "ಒಳಗೆ ಪಾಪ, ಅದು ಕೆಲಸ ಮಾಡ್ತಿದೆ."